ಶನಿವಾರದ ತಟ್ಟೆ

ನಾಯಿಯ ಬಾಯಿ ಮೂಸಿ ನೋಡುವ ಹೆಂಗಸು ಈ ದೆಹಲಿಯಲ್ಲಿ ನಾನೊಬ್ಬಳೇ ಇರಬೇಕು. ಪ್ರೀತಿಯಿಂದ ಮೂಸುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅನುಮಾನದಿಂದಲೇ ಮೂಸುತ್ತಿದ್ದೆ. ಒಂದು ಚಳಿಗಾಲದ ಶನಿವಾರ ಸಂಜೆಗಳಲ್ಲಿ, ಸಂತೆಯ ಚೀಲ ಕೆಳಗಿಟ್ಟ ಕೂಡಲೇ ಅದರ ಗಲ್ಲ ಹಿಡಿದು ಮೂತಿಯನ್ನು ನನ್ನ ಮೂಗಿನ ಹತ್ತಿರ ತಂದುಕೊಳ್ಳುತ್ತಿದ್ದೆ. ಅದು ಬಾಲ ಅಲ್ಲಾಡಿಸುತ್ತ, ಕಣ್ಣನ್ನು ಮಾತ್ರ ಬೇರೆ ಕಡೆ ತಿರುಗಿಸುತ್ತಿತ್ತು.

ನನ್ನ ಕೆಲಸವೇ ನನ್ನನ್ನು ಹೀಗೆ ಮಾಡಿದ್ದು ಎಂದು ಗಂಡ ಹೇಳುತ್ತಾರೆ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ರಜೆಯ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ. ಒಬ್ಬನೇ ಗುಮಾಸ್ತನ ಅಜ್ಜಿ ಎರಡು ಸಲ ತೀರಿಕೊಂಡದ್ದನ್ನು ಹಿಡಿದವಳು ನಾನು. ಒಂದೇ ಕೈಬರಹದಲ್ಲಿ ಮೂರು ಡಾಕ್ಟರುಗಳ ಸರ್ಟಿಫಿಕೇಟು ಬಂದದ್ದನ್ನೂ ಹಿಡಿದಿದ್ದೇನೆ. ಆದರೆ ಗಂಡನ ಮಾತು ಪೂರ್ತಿ ಸರಿಯಲ್ಲ. ನಾನು ಹುಟ್ಟಿದ್ದೇ ಹೀಗೆ. ಚಿಕ್ಕವಳಿದ್ದಾಗಲೂ ಉಂಡೆಯ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿಟ್ಟುಕೊಂಡೇ ಮಲಗುತ್ತಿದ್ದವಳು.

ವಸಂತ್ ಕುಂಜ್‌ನಲ್ಲಿ ನಮ್ಮದು ನೆಲಮಹಡಿಯ ಮನೆ. ಗಂಡ, ಹದಿನಾಲ್ಕರ ಮಗಳು, ಅತ್ತೆ, ನಾನು, ನಾಯಿ. ನಾಯಿಯೆಂದರೆ ಅಂಗಡಿಯಿಂದ ತಂದದ್ದಲ್ಲ. ಪಾರ್ಕಿನ ಗೇಟಿನ ಬಳಿ ಸಿಕ್ಕ ಬೀದಿಮರಿಯನ್ನು ಮಗಳು ಸ್ವೆಟರಿನೊಳಗೆ ಬಚ್ಚಿಟ್ಟುಕೊಂಡು ತಂದಿದ್ದಳು. ಈಗ ಅದು ನಮ್ಮ ಸೋಫಾದ ಮುಕ್ಕಾಲು ಭಾಗಕ್ಕೆ ಮಾಲೀಕ. ನಮ್ಮ ತಲೆಯ ಮೇಲೆ, ಹದಿನೆಂಟು ಮೆಟ್ಟಿಲು ಹತ್ತಿದರೆ, ಕೊಡಗಿನವರ ಮನೆ. ಆತ ಸೇನೆಯಿಂದ ನಿವೃತ್ತರಾದವರು, ಮಾತು ಕಡಿಮೆ. ಆಕೆಯನ್ನು ನಾನು ಅಕ್ಕ ಎನ್ನುತ್ತೇನೆ. ನಗು ದೊಡ್ಡದು, ಕೈ ಅದಕ್ಕಿಂತ ದೊಡ್ಡದು.

ನನ್ನ ಅತ್ತೆಗೆ ಎಪ್ಪತ್ತೆಂಟು. ಹದಿನೈದು ವರ್ಷ ದೆಹಲಿಯಲ್ಲಿದ್ದರೂ ಅವರ ಹಿಂದಿ ತರಕಾರಿಯವನಿಂದ ಕೊತ್ತಂಬರಿ ಕೇಳುವ ‘ಭಯ್ಯಾ, ಧನಿಯಾ’ ಎಂಬಲ್ಲಿಗೆ ನಿಂತಿದೆ. ನಾನು ಕಚೇರಿಯಲ್ಲಿ, ಮಗ ಮಾನೇಸರ್‌ನ ಬಿಡಿಭಾಗದ ಕಾರ್ಖಾನೆಯಲ್ಲಿ, ಮೊಮ್ಮಗಳು ಮೊಬೈಲಿನಲ್ಲಿ. ಇಡೀ ಬ್ಲಾಕಿನಲ್ಲಿ ಅತ್ತೆ ಬಾಯಿ ತುಂಬ ಮಾತಾಡುವುದು ಅಕ್ಕನ ಜೊತೆ ಮಾತ್ರ. ಆ ಒಂದು ಮನೆ ಕೈತಪ್ಪಿದರೆ ಅವರಿಗೆ ಈ ಊರಿನಲ್ಲಿ ಮಾತೇ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಶನಿವಾರದ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ತಿಮ್ಮಪ್ಪನ ಹೆಸರಿನಲ್ಲಿ ಶನಿವಾರ ಒಪ್ಪೊತ್ತು. ಮಧ್ಯಾಹ್ನ ಒಂದು ಊಟ, ಅದೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು. ರಾತ್ರಿಗೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ. ಅತ್ತೆ ಮದುವೆಯಾಗಿ ಬಂದ ವರ್ಷದಿಂದ ನಡೆದುಬಂದ ನೇಮ. ನಾನು ಸೊಸೆಯಾಗಿ ಬಂದ ಮೊದಲನೇ ಶನಿವಾರ ಸಂಜೆ ಹಸಿವು ತಡೆಯಲಾರದೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೋಡುಬಳೆ ತಿನ್ನುತ್ತಿದ್ದೆ. ಕಟುಂ ಎಂಬ ಸದ್ದು ಹಜಾರಕ್ಕೆ ಕೇಳಿಸಿತು. ಅತ್ತೆ ಬಂದು, ನೆಂಟರಿಷ್ಟರ ಮುಂದೆ, “ಒಂದು ದಿನ ಹೊಟ್ಟೆ ಕಟ್ಟೋಕಾಗದವಳು ಸಂಸಾರ ಏನು ಕಟ್ಟುತ್ತೀಯೇ?” ಎಂದರು. ಎಲ್ಲರೂ ನಕ್ಕರು. ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಿದ್ದೆ.

ಅಂದಿನಿಂದ ಹಟ ಹಿಡಿದೆ. ಅತ್ತೆಗಿಂತ ಬಿಗಿಯಾಗಿ ಶನಿವಾರ ಮಾಡುವವಳಾದೆ. ದೆಹಲಿಗೆ ಬಂದ ಮೇಲೆ ಅವರು ಸಂಜೆಗೆ ಒಂದಿಷ್ಟು ಅವಲಕ್ಕಿ ನೆನೆಸಿಕೊಳ್ಳೋಣವೇ ಎಂದು ಒಂದೆರಡು ಸಲ ಕೇಳಿದ್ದುಂಟು. “ನೀವೇ ಹೇಳಿಕೊಟ್ಟ ನೇಮ ಅಲ್ಲವೇ ಅತ್ತೆ?” ಎಂದಿದ್ದೆ, ಬಹಳ ವಿನಯದಿಂದ. ಆ ವಿನಯದಲ್ಲಿ ಕೋಡುಬಳೆಯ ಸೇಡು ಇತ್ತು. ಆಮೇಲೆ ಅವರು ಕೇಳಲಿಲ್ಲ. ಕಳೆದ ವರ್ಷ ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾದಾಗ ಗಂಡ ಅಮ್ಮನಿಗೆ ಉಪವಾಸ ಬೇಡ ಅಂದರು. ಅತ್ತೆ ನನ್ನ ಮುಖ ನೋಡಿ, “ಐವತ್ತು ವರ್ಷದಿಂದ ಮಾಡ್ತಿದ್ದೀನಿ. ನನಗೆ ಹಸಿವೇ ಆಗಲ್ಲ ಕಣೋ” ಎಂದರು. ಮಾತು ಅಲ್ಲಿಗೆ ಮುಗಿಯಿತು.

ನಾಯಿಗೂ ಇದೇ ನೇಮ. ಈ ಮನೆಯ ಅನ್ನ ತಿನ್ನುವವರೆಲ್ಲ ಒಂದೇ ಎಂದು ನಾನು ಕಾನೂನು ಮಾಡಿದ್ದೆ. ಶನಿವಾರ ಮಧ್ಯಾಹ್ನ ಅದಕ್ಕೆ ಮೊಸರನ್ನ, ಸಂಜೆ ಬರೀ ಹಾಲು. “ನಾಯಿಗೆ ಎಂಥ ಶನಿವಾರವೇ?” ಎಂದು ಅತ್ತೆ ಗೊಣಗಿದ್ದರು. ಮಗಳಂತೂ ನೇರವಾಗಿಯೇ ಹೇಳಿದಳು: “ಮಮ್ಮಾ, ಪ್ಲೀಸ್ ಯಾರ್, ಇಸ್ ಕೋ ಕ್ಯಾ ಪತಾ ಸ್ಯಾಟರ್ಡೇ ಏನಂತ?” ನಾನು ಜಗ್ಗಲಿಲ್ಲ.

ಆ ನವೆಂಬರಿನ ಒಂದು ಶನಿವಾರ ಸಂಜೆ ನಾಯಿ ಹಾಲು ಮುಟ್ಟಲಿಲ್ಲ. ಬಟ್ಟಲನ್ನು ನೋಡಿತು, ನನ್ನನ್ನು ನೋಡಿತು, ಹೋಗಿ ಮಲಗಿತು. ಮುಂದಿನ ಶನಿವಾರವೂ ಹಾಗೇ. ಭಾನುವಾರದ ಬೆಳಗ್ಗೆಯೂ ಅದಕ್ಕೆ ಅವಸರವಿಲ್ಲ. ನಮ್ಮ ಮನೆಯಲ್ಲಿ ಭಾನುವಾರವೆಂದರೆ ಹಬ್ಬ. ವಾರಕ್ಕೊಂದೇ ರಜೆ ಸಿಗುವ ಗಂಡ ಸ್ವತಃ ದೋಸೆ ಹುಯ್ಯುತ್ತಾರೆ. ಮೊದಲ ದೋಸೆ ಯಾವತ್ತೂ ಹರಿಯುತ್ತದೆ, ಹರಿದದ್ದು ನಾಯಿಗೆ. ಆಮೇಲೆ ಎಲ್ಲರೂ ಪಾರ್ಕಿನ ಬಿಸಿಲಿಗೆ ಚಾಪೆ ಹಾಸಿಕೊಂಡು ಕಡಲೆಕಾಯಿ ಬಿಡಿಸುತ್ತ, ಕಿತ್ತಳೆ ಸುಲಿಯುತ್ತ ಕೂರುವುದು. ಹರಿದ ದೋಸೆಗಾಗಿ ಐದು ಗಂಟೆಗೇ ಎದ್ದು ಕಾಯುತ್ತಿದ್ದ ಪ್ರಾಣಿ, ಈಗ ಎಂಟಾದರೂ ಕಾಲು ಚಾಚಿ ಮಲಗಿರುತ್ತಿತ್ತು. ಶನಿವಾರ ಇದಕ್ಕೆ ಯಾರೋ ಗಡದ್ದಾಗಿ ಬಡಿಸುತ್ತಿದ್ದಾರೆ. ಯಾರು?

ಶನಿವಾರ ಸಂಜೆ ನಾಲ್ಕಕ್ಕೆ ನಾನು ಮಗಳನ್ನು ಕರೆದುಕೊಂಡು ವಾರದ ಸಂತೆಗೆ ಹೋಗುತ್ತೇನೆ, ಬರುವುದು ಆರೂವರೆಗೆ. ಆ ಹೊತ್ತಿನಲ್ಲಿ ನಾಯಿ ಅತ್ತೆಯ ಸುಪರ್ದಿನಲ್ಲಿ. “ಎಲ್ಲಾದರೂ ಹೋಗಿತ್ತಾ ಅತ್ತೆ?” ಎಂದು ಕೇಳಿದರೆ, “ಎಲ್ಲಿಗೆ ಹೋಗುತ್ತೆ? ಇಲ್ಲೇ ಅಂಗಳದಲ್ಲಿ ಸುತ್ತಾಡ್ತಿತ್ತು” ಎನ್ನುತ್ತಿದ್ದರು. ಮೂರನೇ ಶನಿವಾರ ಅದರ ಮೀಸೆಯಲ್ಲಿ ಬಿಳಿಯ ಅಗುಳಿನಂಥದ್ದು ಅಂಟಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ. ಅನ್ನವಲ್ಲ, ಬೇಯಿಸಿದ ಅಕ್ಕಿತರಿ. ಕಡಂಬುಟ್ಟು! ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಕೊಡಗಿನವರ ಕಡಂಬುಟ್ಟು ನಮ್ಮ ಬ್ಲಾಕಿನಲ್ಲಿ ಒಂದೇ ಮನೆಯಲ್ಲಿ ಆಗುವುದು. ಅದರ ಜೊತೆಗೆ ಏನು ನೆಂಚಿಕೊಳ್ಳುತ್ತಾರೆ ಎಂಬುದು ನನಗೂ ಗೊತ್ತಿತ್ತು. ಬಾಯಿ ಮೂಸಿದೆ. ತುಪ್ಪ, ಕಾಳುಮೆಣಸು, ಇನ್ನೇನೋ ಒಂದು. ಹಂದಿ ಮಾಂಸದ ವಾಸನೆ ಹೇಗಿರುತ್ತದೆ ಎಂದು ಜನ್ಮದಲ್ಲಿ ಅರಿಯದ ನಾನು, ಇದು ಅದೇ ಎಂದು ಅರೆಕ್ಷಣದಲ್ಲಿ ತೀರ್ಮಾನಿಸಿದೆ.

ತೀರ್ಮಾನವಾದ ಮೇಲೆ ಸಾಕ್ಷಿ ಬೇಕಲ್ಲ. ಮುಂದಿನ ಶನಿವಾರ ಸಂತೆಗೆ ಹೊರಡುವ ಮೊದಲು ಮೆಟ್ಟಿಲುಗಳ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದೆ. ಮಗಳು ಹಣೆ ಬಡಿದುಕೊಂಡಳು. ತಿರುಗಿ ಬಂದಾಗ ಪುಡಿಯ ಮೇಲೆ ನಾಯಿಯ ಹೆಜ್ಜೆ ಸಾಲಾಗಿ ಮೇಲಕ್ಕೆ ಹೋಗಿತ್ತು. ಪಕ್ಕದಲ್ಲೇ ಅತ್ತೆಯ ಹವಾಯಿ ಚಪ್ಪಲಿಯ ಗುರುತೂ ಇತ್ತು. ಪಾಪ, ಮಂಡಿನೋವು ಎಂದು ದೇವಸ್ಥಾನಕ್ಕೂ ಬರದ ಮುದುಕಿ, ಈ ಪ್ರಾಣಿಯನ್ನು ವಾಪಸ್ಸು ಕರೆತರಲು ಹದಿನೆಂಟು ಮೆಟ್ಟಿಲು ಹತ್ತಿದ್ದಾರಲ್ಲ ಎಂದುಕೊಂಡೆ. ಸಿಟ್ಟು ಇನ್ನೂ ಏರಿತು.

ಅದೇ ರಾತ್ರಿ ಪಾತ್ರೆ ಜೋಡಿಸುವಾಗ ಒಂದು ತಟ್ಟೆ ಕಾಣೆಯಾಗಿರುವುದೂ ಗೊತ್ತಾಯಿತು. ಮಾವನವರದ್ದು. ಊರಿನ ಪಾತ್ರೆಯಂಗಡಿಯಲ್ಲಿ ಅಂಚಿನ ಮೇಲೆ ಚುಕ್ಕಿಚುಕ್ಕಿಯಾಗಿ ಅವರ ಹೆಸರು ಕೊರೆಸಿದ್ದ ಸ್ಟೀಲ್ ತಟ್ಟೆ. ಮಾವ ಹೋದ ಮೇಲೆ ಹಬ್ಬಹರಿದಿನಗಳಲ್ಲಿ ಅತ್ತೆ ಅದರಲ್ಲೇ ಊಟ ಮಾಡುತ್ತಿದ್ದರು. “ತಟ್ಟೆ ಎಲ್ಲಿ ಅತ್ತೆ?” ಎಂದರೆ, “ಇಲ್ಲೇ ಎಲ್ಲೋ ಇರುತ್ತೆ ಬಿಡು” ಅಂದರು. ಒಂದು ಚಮಚ ಕಾಣದಿದ್ದರೂ ಮನೆಯನ್ನು ತಲೆಕೆಳಗು ಮಾಡುತ್ತಿದ್ದವರು ಗಂಡನ ತಟ್ಟೆಗೆ ಹೀಗೆನ್ನುವುದೇ? ಅಲ್ಲಿ ನನಗೆ ಅನುಮಾನ ಬರಬೇಕಿತ್ತು. ವಯಸ್ಸಾಯಿತು, ಮರೆವು ಅಂದುಕೊಂಡೆ.

ಮರುದಿನ, ಭಾನುವಾರ ಬೆಳಗ್ಗೆ, ಗಂಡ ದೋಸೆ ಹುಯ್ಯುತ್ತಿರುವಾಗ, ಹದಿನೆಂಟು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ. ನೆಪಕ್ಕೆ ಕೈಯಲ್ಲಿ ಚಟ್ನಿಯ ಬಟ್ಟಲು. ಅಕ್ಕ ಬಾಗಿಲು ತೆರೆದು, “ಬಾ ಬಾ, ಕಾಫಿ ಕುಡಿ” ಎಂದು ಒಳಗೆ ಕರೆದರು. ಅಡುಗೆಮನೆಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದೇ ಆ ತಟ್ಟೆ. ಕಿಟಕಿಯ ಪಕ್ಕ, ಉಳಿದ ಪಾತ್ರೆಗಳಿಂದ ದೂರದ ಒಂದು ಗೂಡಿನಲ್ಲಿ, ಒಂದು ಹೊಸ ಪಾತ್ರೆಯ ಜೊತೆ, ತೊಳೆದು ಒರಸಿ ಇಟ್ಟಿತ್ತು. ಮಾವನವರ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು.

“ಇದು ನಮ್ಮ ತಟ್ಟೆ” ಎಂದೆ.

ಅಕ್ಕನ ನಗು ನಿಂತಿತು. “ಹೌದು.”

“ಇದರಲ್ಲೇ ಬಡಿಸ್ತೀರಾ ಶನಿವಾರ?”

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. “ನಿನಗೆ ಗೊತ್ತಾಯ್ತಾ?”

“ಗೊತ್ತಾಗದೆ ಏನು? ರಂಗೋಲಿ ಪುಡಿ ಹಾಕಿ ಹಿಡಿದೆ. ನಮ್ಮ ಮನೆ ನೇಮ ನಿಮಗೆ ಗೊತ್ತಿಲ್ವಾ ಅಕ್ಕ? ನಮ್ಮ ನಾಯಿಗೆ ಕದ್ದು ಮಾಂಸ ಹಾಕೋದಲ್ದೆ, ತೀರಿಹೋದವರ ತಟ್ಟೆಯಲ್ಲಿ ಹಾಕೋದಾ? ನಮ್ಮತ್ತೆಗೆ ಗೊತ್ತಾದ್ರೆ ಎದೆ ಒಡೆದು ಸಾಯ್ತಾರೆ!”

ನಾಯಿ ಎಂದ ಕೂಡಲೇ ಅವರ ಮುಖದ ಮೇಲೆ ಏನೋ ಬಂದು ಹೋಯಿತು. ಸಿಕ್ಕಿಬಿದ್ದವರ ಗಾಬರಿ ಎಂದು ನಾನು ಓದಿಕೊಂಡೆ. ಆಮೇಲೆ ಮೆಲ್ಲಗೆ, “ತಪ್ಪಾಯ್ತು. ಇನ್ನು ಹಾಕಲ್ಲ” ಎಂದು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಒಳಗಿನ ಕೋಣೆಯಿಂದ ಅವರ ಯಜಮಾನರು ಎದ್ದುಬಂದು ಏನೋ ಹೇಳಹೊರಟರು. ಅಕ್ಕ ಕಣ್ಣಲ್ಲೇ ತಡೆದರು. ಅದನ್ನೂ ನೋಡಿದೆ. ಗಂಡನಿಗೂ ಗೊತ್ತು, ಇಬ್ಬರೂ ಸೇರಿಯೇ ಮಾಡಿದ್ದಾರೆ ಎಂದುಕೊಂಡು ಗೆದ್ದವಳಂತೆ ಇಳಿದು ಬಂದೆ.

ತಟ್ಟೆಯನ್ನು ಅತ್ತೆಯ ಮುಂದಿಟ್ಟು ವಿಷಯವನ್ನೆಲ್ಲ ಹೇಳಿದೆ. ಅತ್ತೆ ತಟ್ಟೆ ಮುಟ್ಟಲಿಲ್ಲ. “ಅವಳು ಏನಂದಳು?” ಎಂದರು.

“ತಪ್ಪಾಯ್ತು ಅಂದ್ರು. ಇನ್ನು ಆ ಮನೆಗೆ ಯಾರೂ ಹೋಗಬೇಕಾಗಿಲ್ಲ.”

“ಅಷ್ಟೇ ಅಂದಳಾ?”

“ಇನ್ನೇನು ಅಂತಾರೆ? ಕೈಗೇ ಸಿಕ್ಕಿಬಿದ್ದ ಮೇಲೆ?”

ಅತ್ತೆ ಎದ್ದು ದೇವರ ಗೂಡಿನ ಮುಂದೆ ಹೋಗಿ ಕೂತರು. ದೋಸೆ ಬೇಡವೆಂದರು. ಅವಮಾನವಾಗಿದೆ ಪಾಪ ಎಂದು ನಾನೇ ಅರ್ಥ ಮಾಡಿಕೊಂಡು, ತುಪ್ಪದ ದೋಸೆ ಹಾಕಿಸುತ್ತೇನೆ ಬನ್ನಿ ಎಂದು ಇನ್ನೊಂದು ಸಲ ಕರೆದೆ. ಬರಲಿಲ್ಲ. ಮುಂದಿನ ತಿಂಗಳು ಎರಡು ದಿನ ಜೈಪುರಕ್ಕೆ ಹೋಗುವ ಯೋಜನೆ ಇತ್ತು. ಅತ್ತೆಯನ್ನೂ ನಾಯಿಯನ್ನೂ ಅಕ್ಕ ನೋಡಿಕೊಳ್ಳುವುದೆಂದು ಮಾತಾಗಿತ್ತು. ಅದೂ ಬಿತ್ತು. ಮಗಳು ನನ್ನೊಂದಿಗೆ ಮಾತು ಬಿಟ್ಟಳು. ಆ ವಾರ ಮೆಟ್ಟಿಲಲ್ಲಿ ಅಕ್ಕ ಎದುರಾದಾಗ ನಾನು ಚೀಲದಲ್ಲಿ ಬೀಗದಕೈ ಹುಡುಕುವವಳಂತೆ ತಲೆ ತಗ್ಗಿಸಿದೆ.

ಶನಿವಾರ ಬಂತು. ಮುನಿದ ಮಗಳು ಗೆಳತಿಯ ಮನೆಗೆ ಹೋಗಿದ್ದಳು; ನಾಯಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಸಂತೆಗೆ ಒಬ್ಬಳೇ ಹೊರಟೆ. ಮೂಲಂಗಿ ಆರಿಸುತ್ತಿದ್ದವಳಿಗೆ ಮನಸ್ಸು ನಿಲ್ಲಲಿಲ್ಲ. ನಾನಿಲ್ಲದಾಗ ಮೇಲಿನವರು ಇಳಿದು ಬಂದರೆ? ಅತ್ತೆಯನ್ನು ಪುಸಲಾಯಿಸಿದರೆ? ಮೂಲಂಗಿಯನ್ನು ಅಲ್ಲೇ ಬಿಟ್ಟು ಆಟೋ ಹಿಡಿದೆ. ಐದು ಗಂಟೆಗೆಲ್ಲ ನಮ್ಮ ಗೇಟಿನಲ್ಲಿದ್ದೆ.

ಮನೆಯ ಬಾಗಿಲು ತೆರೆದಿತ್ತು. ಮೆಟ್ಟಿಲ ಕಡೆಯಿಂದ ನಾಯಿ ಬೊಗಳುತ್ತಿತ್ತು, ಅದು ಎಂದೂ ಬೊಗಳದ ರೀತಿಯಲ್ಲಿ. ಆರೇಳು ಮೆಟ್ಟಿಲು ಮೇಲೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಕೈಯಲ್ಲಿ ನಾಯಿಯ ಹಗ್ಗ. ಆ ಚಳಿಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು, ಕೈಕಾಲು ಗಡಗಡ ನಡುಗುತ್ತಿದ್ದವು. ಅಕ್ಕ ಪಕ್ಕದಲ್ಲಿ ಮಂಡಿಯೂರಿ, ಬೆಲ್ಲದ ನೀರನ್ನು ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸುತ್ತಿದ್ದರು. “ಇನ್ನೊಂದು ಗುಟುಕು ಅಮ್ಮ, ಇನ್ನೊಂದೇ ಗುಟುಕು” ಎನ್ನುತ್ತಿದ್ದರು.

“ಏನು ಕುಡಿಸ್ತಿದ್ದೀರಿ?” ಎಂದು ನಾನು ಕೂಗಿದೆ. ಹೌದು, ಆಗಲೂ ನನ್ನ ಬಾಯಿಂದ ಬಂದದ್ದು ಅದೇ.

ಅಕ್ಕ ತಿರುಗಿ ನೋಡಲಿಲ್ಲ. ಲೋಟ ಖಾಲಿಯಾಗುವವರೆಗೂ ಕುಡಿಸಿದರು. ಸ್ವಲ್ಪ ಹೊತ್ತಿಗೆ ಅತ್ತೆಯ ನಡುಕ ಇಳಿಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿದವರ ಮುಖವನ್ನು ನಾನು ಬೇರೊಂದು ಕಡೆ ನೋಡಿದ್ದೆ. ಅಡುಗೆಮನೆಯ ಬಾಗಿಲ ಹಿಂದೆ, ಕೋಡುಬಳೆ ಬಾಯಲ್ಲಿಟ್ಟುಕೊಂಡು ನಿಂತಿದ್ದ ಹುಡುಗಿಯ ಮುಖ ಅದು.

“ಅವಳನ್ನ ಬಯ್ಯಬೇಡ ಕಣೇ” ಎಂದರು. “ಆ ತಟ್ಟೆಯಲ್ಲಿ ತಿಂದಿದ್ದು ನಾಯಿ ಅಲ್ಲ. ನಾನು.”

ಸಂಜೆಯಾದರೆ ಕಣ್ಣು ಕತ್ತಲೆ ಬರುತ್ತಿತ್ತಂತೆ, ಮಾತ್ರೆ ಶುರುವಾದಾಗಿನಿಂದ. ಒಂದು ಶನಿವಾರ ಅಂಗಳದಲ್ಲಿ ತೂರಾಡಿದಾಗ ಅಕ್ಕ ಹಿಡಿದುಕೊಂಡು ಮೇಲೆ ಕರೆದೊಯ್ದಿದ್ದರು. ಮಾಂಸದ ಸೋಂಕಿಲ್ಲದ ಹೊಸ ಪಾತ್ರೆ ತಂದು, ಅತ್ತೆಯದೇ ತಟ್ಟೆ ತರಿಸಿಕೊಂಡು, ಪ್ರತಿ ಶನಿವಾರ ಬಿಸಿ ಕಡಂಬುಟ್ಟು, ತುಪ್ಪ, ಮೆಣಸು ಹಾಕಿದ ಸಿಹಿಗುಂಬಳದ ಪಲ್ಯ. ಅತ್ತೆ ತಮ್ಮ ಕೈಯಿಂದಲೇ ನಾಯಿಗೂ ಎರಡು ಉಂಡೆ ಹಾಕುತ್ತಿದ್ದರು. ಯಾರಿಗೂ ಹೇಳಬಾರದೆಂದು ಅಕ್ಕನಿಂದ ದೇವರಾಣೆ ಹಾಕಿಸಿಕೊಂಡಿದ್ದರು.

“ನನಗೆ ಹೇಳಬಾರದಿತ್ತಾ ಅತ್ತೆ?”

“ಹೇಗೆ ಹೇಳಲಿ? ಅವತ್ತು ನಿನಗೆ ಅಂದ ಮಾತು ನನಗೆ ಮರೆತಿದೆ ಅಂದುಕೊಂಡಿದ್ದೀಯಾ?”

ನಾನು ಮೆಟ್ಟಿಲ ಮೇಲೇ ಕೂತೆ. ಗುಮಾಸ್ತರ ಅಜ್ಜಿಯರನ್ನು ನಂಬಲಿಲ್ಲ, ಡಾಕ್ಟರುಗಳ ಸಹಿಯನ್ನು ನಂಬಲಿಲ್ಲ, ಹದಿನೆಂಟು ಮೆಟ್ಟಿಲ ಆಚೆಗಿನ ಗೆಳತಿಯನ್ನು ನಂಬಲಿಲ್ಲ. ಹಸಿವೇ ಆಗುವುದಿಲ್ಲ ಎಂದ ಮುದುಕಿಯ ಮಾತೊಂದನ್ನು ಮಾತ್ರ ಒಂದೇ ಒಂದು ಸಲವೂ ಅನುಮಾನಿಸಲಿಲ್ಲ. ನನಗೆ ಅದು ಅನುಕೂಲವಾಗಿತ್ತು. ಅಳು ಬಂತು, ಅತ್ತುಬಿಟ್ಟೆ. ನಾಯಿ ನನ್ನ ಮುಖ ನೆಕ್ಕಿತು. ಅದರ ಬಾಯಲ್ಲಿ ಆ ಹೊತ್ತು ಏನೂ ವಾಸನೆ ಇರಲಿಲ್ಲ, ಬರೀ ಹಸಿದ ಬಾಯಿ.

ಮರುದಿನ ಅತ್ತೆಯನ್ನು ಗಂಡ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಉಪವಾಸ ಕೂಡದೆಂದು ಕಟ್ಟುನಿಟ್ಟಾಗಿ ಹೇಳಿ, ಮಾತ್ರೆ ಬದಲಾಯಿಸಿದರು. ನಾನು ಅಕ್ಕನ ಮನೆಗೆ ಹೋದೆ. ಏನೇನೋ ಹೇಳಬೇಕೆಂದೇ ಹೊರಟಿದ್ದೆ. ಬಾಗಿಲಲ್ಲಿ ಬರೀ ತಟ್ಟೆಯನ್ನು ಚಾಚಿದೆ.

“ಇನ್ನು ಶನಿವಾರ ಮನೆಯಲ್ಲೇ ಬಡಿಸ್ತೀಯಲ್ಲ” ಎಂದರು ಅಕ್ಕ. “ಇದು ಇಲ್ಲಿ ಯಾಕೆ?”

“ಇಲ್ಲೇ ಇರಲಿ. ಅವರಿಗೆ ನಿಮ್ಮ ಕೈ ರುಚಿ ಹತ್ತಿದೆ.”

ಅಕ್ಕ ತಟ್ಟೆ ತೆಗೆದುಕೊಂಡರು. “ಪುಡಿ ಹಾಕಿದ್ದೆಯಲ್ಲ, ಮೆಟ್ಟಿಲು ಗುಡಿಸೋಕೆ ನನಗೆ ಎರಡು ದಿನ ಬೇಕಾಯ್ತು” ಎಂದರು. ಕ್ಷಮಿಸಿದರೋ ಇಲ್ಲವೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ಕಾಫಿ ಮಾತ್ರ ಕೊಟ್ಟರು.

ಮುಂದಿನ ಶನಿವಾರ ನಾನು ಸಂತೆಗೆ ಎಂದಿನಂತೆ ನಾಲ್ಕಕ್ಕೇ ಹೊರಟೆ, ಆರೂವರೆಗೇ ಬಂದೆ. ಮೇಲಿನಿಂದ ಇಬ್ಬರು ಹೆಂಗಸರ ನಗು ಕೇಳಿಸುತ್ತಿತ್ತು. ನನ್ನ ಬಗ್ಗೆಯೇ ಇರಬೇಕು ಎಂದುಕೊಂಡೆ, ಇದ್ದೇ ಇರುತ್ತದೆ. ಸ್ವಲ್ಪ ಹೊತ್ತಿಗೆ ನಾಯಿ ಮುಂದೆ, ಅತ್ತೆ ಹಿಂದೆ, ಒಂದೊಂದೇ ಮೆಟ್ಟಿಲು ಇಳಿದು ಬಂದರು. ನಾನು ಬಗ್ಗಿ ನಾಯಿಯ ಗಲ್ಲ ಹಿಡಿದೆ. ತುಪ್ಪ, ಕಾಳುಮೆಣಸು. ಅತ್ತೆಯ ಕಡೆ ತಲೆ ಎತ್ತದೆ, ನಾಯಿಯನ್ನೇ ಕೇಳಿದೆ, “ಊಟ ಆಯ್ತಾ?”

“ಆಯ್ತು” ಎಂದರು ಅತ್ತೆ.